ಗಿಟಾರ್ ಟೇಕ್ ಕಾಪಿ ಮಾಡಬೇಡಿ, ಎರಡನೇ ಸಲ ನುಡಿಸಲು ಹೇಳಿ

ಡಬ್ಲಿನ್‌ನ ಆ ಮೂವರು ಹುಡುಗರ ಪಾಪ್ ಪಂಕ್ ಬ್ಯಾಂಡಿನ ಮೊದಲ ಇಪಿ (ಕೆಲವೇ ಹಾಡುಗಳ ಸಣ್ಣ ಆಲ್ಬಂ) ನಿಮ್ಮ ಗ್ಯಾರೇಜಿನಲ್ಲೇ ರೆಕಾರ್ಡ್ ಆಗುತ್ತಿದೆ ಅಂತ ನಿಮ್ಮ ಪೋಸ್ಟ್‌ನಲ್ಲಿ ಓದಿ ಖುಷಿಯಾಯಿತು. ಆದರೆ ಸೌಂಡ್ ಅಗಲವಾಗಲಿ ಅಂತ ಒಂದೇ ಗಿಟಾರ್ ಟೇಕ್ (ಒಮ್ಮೆ ನುಡಿಸಿದ ರೆಕಾರ್ಡಿಂಗ್) ಕಾಪಿ ಮಾಡಿ, 12 ಮಿಲಿಸೆಕೆಂಡ್ ಸರಿಸಿ, ಎಡಕ್ಕೊಂದು ಬಲಕ್ಕೊಂದು ಹಾಕಿದ್ದೀರಿ. ಹೆಡ್‌ಫೋನ್‌ನಲ್ಲಿ ಸಖತ್ತಾಗಿದೆ ಅಂತ ಬೇರೆ ಬರೆದಿದ್ದೀರಿ. ದಯವಿಟ್ಟು ಬೇಡ.

2013ರಲ್ಲಿ ಕಾರ್ಕ್‌ನಲ್ಲಿ ಓದುವಾಗ ಕ್ಲಾಸಿನ ಹುಡುಗರ ನಾಲ್ಕು ಹಾಡಿಗೆ ನಾನೂ ಹೀಗೇ ಮಾಡಿದ್ದೆ. ಬಿಡುಗಡೆಯ ದಿನ ಪಬ್ಬಿನ ಮಹಡಿಯಲ್ಲಿ ಸಿಡಿ ಹಾಕಿದರು. ಅಲ್ಲಿನ ಪಿಎ (ಸ್ಪೀಕರ್ ವ್ಯವಸ್ಥೆ) ಮೊನೊ, ಅಂದರೆ ಎಡ ಬಲ ಎರಡೂ ಸೇರಿ ಒಂದೇ ಆಗಿ ಬರುತ್ತದೆ. ಕೋರಸ್ ಬಂತು, ಗಿಟಾರ್ ಮಾತ್ರ ತಗಡಿನ ಡಬ್ಬದೊಳಗಿಂದ ಬಂದ ಹಾಗಿತ್ತು. ಗಿಟಾರಿಸ್ಟ್ ಕೈಲಿದ್ದ ಗ್ಲಾಸ್ ಕೆಳಗಿಟ್ಟು, ಸ್ಪೀಕರ್ ಹತ್ತಿರ ಹೋಗಿ ಕಿವಿ ಇಟ್ಟ. ಒಂದು ಮಾತೂ ಆಡಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ.

ಕಾರಣ ಸರಳ. ಎರಡೂ ಒಂದೇ ಟೇಕ್. ಮೊನೊದಲ್ಲಿ ಸೇರಿದಾಗ ಒಂದನ್ನೊಂದು ತಿನ್ನುತ್ತವೆ. 12 ಮಿಲಿಸೆಕೆಂಡಿಗೆ ಸುಮಾರು 42 ಹರ್ಟ್ಸ್‌ನಲ್ಲಿ ಸದ್ದು ಮಾಯವಾಗುವ ಮೊದಲ ಹಳ್ಳ, ಆಮೇಲೆ ಪ್ರತಿ 83 ಹರ್ಟ್ಸ್‌ಗೊಂದು. ಯಾವ ಇಕ್ಯೂ (ಬಾಸ್, ಟ್ರೆಬಲ್ ಏರಿಸಿ ಇಳಿಸುವ ಸಾಧನ) ಹಾಕಿದರೂ ಅದು ತುಂಬುವುದಿಲ್ಲ. ಸರಿಸದೆ ಕಾಪಿ ಮಾಡಿದರೆ ಅಗಲವೂ ಇಲ್ಲ, ನಡುವೆ ಒಂದೇ ಗಿಟಾರ್ ಜೋರಾಗಿ ಕೇಳುತ್ತದೆ ಅಷ್ಟೇ.

ಅದೇ ಭಾಗವನ್ನು ನಿಜವಾಗಿ ಇನ್ನೊಂದು ಸಲ ನುಡಿಸಲು ಹೇಳಿ. ಪೂರ್ತಿ ಹಾಡು ಟೈಟಾಗಿ ಬರದಿದ್ದರೆ ನಾಲ್ಕು ನಾಲ್ಕು ಬಾರ್ (ತಾಳದ ಆವರ್ತ) ತೆಗೆದುಕೊಳ್ಳಿ. ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಒತ್ತಿ ನುಡಿಸುವುದು) ಮತ್ತು ಸ್ಟಾಪ್‌ಗಳು ಕೂಡಿಬರಲೇಬೇಕು, ಉಳಿದ ಕಡೆ ಚೂರು ಹೆಚ್ಚುಕಮ್ಮಿ ಇದ್ದರೇ ಚೆಂದ. ಗೇನ್ (ಆಂಪ್‌ನಲ್ಲಿ ಸದ್ದು ಎಷ್ಟು ಒರಟಾಗಿ ಒಡೆಯಬೇಕು ಅನ್ನುವ ಮಟ್ಟ) ಮಾತ್ರ ಸ್ಟೇಜಿನಲ್ಲಿ ಇಡುವುದಕ್ಕಿಂತ ಕಮ್ಮಿ ಇರಲಿ. ಹುಡುಗರು ಒಪ್ಪುವುದಿಲ್ಲ, ಗೊತ್ತು. ಆದರೆ ಎರಡು ಟೇಕ್ ಸೇರಿದಾಗ ಡಿಸ್ಟಾರ್ಷನ್ ತಾನಾಗಿಯೇ ದಪ್ಪ ಆಗುತ್ತದೆ. ಜಾಸ್ತಿ ಗೇನ್ ಇಟ್ಟರೆ ಪಿಕ್ ಹೊಡೆತವೇ ಸತ್ತುಹೋಗುತ್ತದೆ. ವರ್ಸ್‌ನಲ್ಲಿ (ಚರಣದಲ್ಲಿ) ಒಂದೇ ಗಿಟಾರ್ ಬಿಡಿ, ಆಗ ಕೋರಸ್ ಅಗಲವಾಗಿ ತೆರೆದುಕೊಳ್ಳುತ್ತದೆ. ಜೊತೆಗೆ ಡಿಐ (ಆಂಪ್ ಇಲ್ಲದ ನೇರ ಗಿಟಾರ್ ಸಿಗ್ನಲ್) ಕೂಡ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಟೋನ್ ಹಿಡಿಸದಿದ್ದರೆ ಅದನ್ನೇ ಮತ್ತೆ ಆಂಪ್‌ಗೆ ಕೊಟ್ಟು ರೀಆಂಪ್ ಮಾಡಬಹುದು.

ಮೈಕ್‌ಗೆ ದುಡ್ಡು ಸುರಿಯಬೇಡಿ. ಕ್ಯಾಬ್ (ಗಿಟಾರ್ ಸ್ಪೀಕರ್ ಪೆಟ್ಟಿಗೆ) ಮುಂದೆ ಒಂದು ಎಸ್‌ಎಂ57 ಮೈಕ್ ಸಾಕು. ಆ ದುಡ್ಡಿಗೆ ಹೊಸ ತಂತಿ, ಸ್ನೇರ್ ಡ್ರಮ್ಮಿಗೆ ಹೊಸ ಹೆಡ್ (ಮೇಲಿನ ಹೊದಿಕೆ) ತನ್ನಿ. ತಂತಿ ಡಡಾರಿಯೊ ಕಂಪನಿಯ 11 ದಪ್ಪದ್ದು ನನ್ನ ಇಷ್ಟ. ಅದಕ್ಕಿಂತ ತೆಳುವಾದ 10 ಹಾಕಿ ಜೋರಾಗಿ ಹೊಡೆದರೆ ಶ್ರುತಿ ಮೇಲೇರುತ್ತದೆ. ಅದಕ್ಕೇ ಹಾಡಿನಲ್ಲಿ ಎಷ್ಟು ಜೋರಾಗಿ ಹೊಡೆಯುತ್ತಾನೋ ಅಷ್ಟೇ ಜೋರಾಗಿ ಹೊಡೆದು ಟ್ಯೂನ್ ಮಾಡಲಿ. ಸುಮ್ನೆ ಮೆಲ್ಲಗೆ ಮೀಟಿ ಟ್ಯೂನ್ ಮಾಡುವುದು ದಂಡ. ಡ್ರಮ್ಮರ್‌ಗೆ ಸಿಂಬಲ್ ಮೆಲ್ಲಗೆ, ಸ್ನೇರ್ ಜೋರಾಗಿ ಹೊಡೆಯಲು ಹೇಳಿ. ಹಾಡುವುದನ್ನೆಲ್ಲ ಕೊನೆಗೆ ಉಳಿಸಬೇಡಿ, ದಿನಕ್ಕೆ ಎರಡು ಹಾಡು ಮುಗಿಸಿ. ಗುಂಪಾಗಿ ಕೂಗುವ ಭಾಗಕ್ಕೆ ಮೂವರೂ ಪ್ರತಿ ಟೇಕಿಗೂ ಜಾಗ ಬದಲಿಸಿ ನಿಲ್ಲಲಿ.

"ಉಳಿದದ್ದು ಮಿಕ್ಸ್‌ನಲ್ಲಿ ನೋಡ್ಕೊಳ್ಳೋಣ" ಅಂತ ಬರೆದದ್ದು ನೋಡಿ ನಿಜವಾಗಿಯೂ ಸಿಟ್ಟು ಬಂತು. ಅವರಿಗೆ ಇದು ಮೊದಲ ರೆಕಾರ್ಡ್ ಅಲ್ವಾ? 1978ರಲ್ಲಿ ಉತ್ತರ ಐರ್ಲೆಂಡಿನ ಡೆರ್ರಿಯ ದಿ ಅಂಡರ್‌ಟೋನ್ಸ್ ಪಂಕ್ ಬ್ಯಾಂಡಿನ ಹುಡುಗರು ಮೊದಲ ಇಪಿಯನ್ನು ಬೆಲ್‌ಫಾಸ್ಟ್‌ನಲ್ಲಿ ರೆಕಾರ್ಡ್ ಮಾಡಿದರು. ಗುಡ್ ವೈಬ್ರೇಷನ್ಸ್ ಅನ್ನುವ ಸಣ್ಣ ಲೇಬಲ್. ಬಿಬಿಸಿ ರೇಡಿಯೋದಲ್ಲಿ ಡಿಜೆ ಜಾನ್ ಪೀಲ್ ಅದರ ಟೈಟಲ್ ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ಹಾಕಿದರು. ಒಂದೇ ಸ್ಪೀಕರಿನ ಟ್ರಾನ್ಸಿಸ್ಟರ್‌ನಲ್ಲಿ ಕೇಳಿದವರನ್ನೂ ಅದು ಮುಟ್ಟಿತು. ನೀವೂ ಮಾಸ್ಟರ್‌ನಲ್ಲಿ ಮೊನೊ ಬಟನ್ ಒತ್ತಿ, ಫೋನ್ ಸ್ಪೀಕರಿನಲ್ಲಿ ಕೇಳಿ ನೋಡಿ.

ಹಾಡು ಬರೆದವರು ಯಾರು, ಪಾಲು ಎಷ್ಟೆಷ್ಟು ಅಂತ ಈಗಲೇ ಬರೆದಿಡಲಿ, ಹುಡುಗರು ಐಎಂಆರ್‌ಒ (ಐರ್ಲೆಂಡಿನ ಸಂಗೀತ ಹಕ್ಕುಗಳ ಸಂಸ್ಥೆ) ಸದಸ್ಯರಾಗಲಿ. ಎರಡನೇ ಟೇಕ್ ಆದ ಮೇಲೆ ಕೋರಸ್ ಇಲ್ಲಿ ಹಾಕಿ, ಡ್ರಮ್ ಮೈಕುಗಳ ಫೇಸ್ (ಅಲೆಗಳ ಹೊಂದಾಣಿಕೆ) ಒಮ್ಮೆ ನೋಡೋಣ.