ಬ್ಲೂ ಟಿಕ್ ನೋಡಿ ಎದೆ ಹೊಡ್ಕೊಂಡ್ರೆ ಅದು ಪ್ರೀತಿನಾ?

ಈ ಸಲ ಬಂದಿರೋ ಪತ್ರಗಳು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ತಿವೆ, ಇದು ನಿಜವಾದ ಪ್ರೀತಿನಾ ಇಲ್ಲ ಬರೀ ಕ್ರಶ್ಶಾ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇದನ್ನೇ ಹಿಡ್ಕೊಂಡಿದೀನಿ. ಹೆಸರು ಹಾಕಬೇಡಿ ಅಂತ ಎಲ್ರೂ ಬರೆದಿದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಆಫೀಸಲ್ಲಿ ಬೇರೆ ಟೀಮಲ್ಲಿರೋ ಒಬ್ಬ ಹುಡುಗಿ ಅಂದ್ರೆ ಪ್ರಾಣ. ಒಂದಿನ ಅವಳೇ ಮೆಸೇಜ್ ಮಾಡಿ ಗಂಟೆಗಟ್ಟಲೆ ಮಾತಾಡ್ತಾಳೆ, ಮಾರನೇ ದಿನ ನಾನು ಕಳಿಸಿದ್ದಕ್ಕೆ ಬ್ಲೂ ಟಿಕ್ ಬಿದ್ದಿರತ್ತೆ, ಉತ್ತರ ಇರಲ್ಲ. ಆಗ ಕೆಲಸದ ಮೇಲೆ ಗಮನ ಇರಲ್ಲ, ಹಸಿವಾಗಲ್ಲ, ರಾತ್ರಿ ಎದ್ದೆದ್ದು ಲಾಸ್ಟ್ ಸೀನ್ ನೋಡ್ತೀನಿ. ಫ್ರೆಂಡ್ಸು "ಇದೆಲ್ಲ ಇನ್‌ಫ್ಯಾಚುಯೇಶನ್ ಮಗಾ, ಹೋಗತ್ತೆ ಬಿಡು" ಅಂತಾರೆ. ಆದ್ರೆ ಇಷ್ಟು ಸ್ಟ್ರಾಂಗ್ ಆಗಿ ಯಾರ ಮೇಲೂ ಅನ್ಸಿಲ್ಲ ನನಗೆ. ಇಷ್ಟು ನೋವಾಗ್ತಿದೆ ಅಂದ್ಮೇಲೆ ಪ್ರೀತಿ ಅಲ್ದೆ ಇನ್ನೇನು?

ಉತ್ತರ: ನಿನ್ನ ನೋವು ನಿಜ, ಅದನ್ನ ನಗೋ ವಿಷಯ ಮಾಡಿದ ಫ್ರೆಂಡ್ಸ್ ಮೇಲೆ ನನಗೂ ಸ್ವಲ್ಪ ಕೋಪ ಇದೆ. ಆದ್ರೆ ನೋವು ಜೋರಾಗಿದೆ ಅನ್ನೋದು ಪ್ರೀತಿಗೆ ಸಾಕ್ಷಿ ಆಗಲ್ಲ ಕಣಪ್ಪ.

1999ರಲ್ಲಿ ಇಟಲಿಯ ಪೀಸಾದಲ್ಲಿ ದೊನತೆಲ್ಲಾ ಮರಾಜಿಟಿ ಅನ್ನೋ ಮನೋವೈದ್ಯೆ ಮತ್ತು ಅವರ ತಂಡ ಹೊಸದಾಗಿ ಪ್ರೀತಿಯಲ್ಲಿ ಬಿದ್ದಿದ್ದ 20 ಜನರ ರಕ್ತ ತಗೊಂಡು ನೋಡಿದ್ರು. ಜೊತೆಗೆ ಗೀಳು ಕಾಯಿಲೆ, ಅಂದ್ರೆ ಓಸಿಡಿ ಇರೋ 20 ಜನರದ್ದು, ಆರೋಗ್ಯವಾಗಿರೋ ಇನ್ನೊಂದು 20 ಜನರದ್ದು. ಮನಸ್ಥಿತಿಗೆ ನಂಟಿರೋ ಸೆರೊಟೊನಿನ್ ಅನ್ನೋ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಅಳತೆಯಲ್ಲಿ ಪ್ರೇಮಿಗಳೂ ಓಸಿಡಿಯವರೂ ಹೆಚ್ಚುಕಮ್ಮಿ ಒಂದೇ ಥರ ಇದ್ರು, ಆರೋಗ್ಯವಂತರಿಗಿಂತ ಇಬ್ಬರದ್ದೂ ಕಮ್ಮಿ. ವರ್ಷ, ಒಂದೂವರೆ ವರ್ಷ ಆದ್ಮೇಲೆ ಅದೇ ಪ್ರೇಮಿಗಳಲ್ಲಿ ಕೆಲವರನ್ನ ಮತ್ತೆ ಕರೆದು ನೋಡಿದ್ರೆ ಎಲ್ಲಾ ಮಾಮೂಲಿ. ಚಿಕ್ಕ ಅಧ್ಯಯನ, ಅದೇ ವೇದವಾಕ್ಯ ಅಂತ ಹೇಳಲ್ಲ, ಆದ್ರೆ ರಾತ್ರಿ ಎದ್ದೆದ್ದು ಲಾಸ್ಟ್ ಸೀನ್ ನೋಡೋನಿಗೆ ಇದು ಎಲ್ಲೋ ಕೇಳಿದ ಹಾಗೆ ಅನ್ಸತ್ತೆ ಅಲ್ವಾ?

ಇನ್ನೊಂದು ವಿಷಯ ನಿನಗೆ ನೇರವಾಗಿ ತಾಗತ್ತೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೊರೊತಿ ಟೆನೊವ್ ನೂರಾರು ಜನರ ಅನುಭವ ಕೇಳಿ 1970ರ ದಶಕದಲ್ಲಿ ಈ ಸ್ಥಿತಿಗೆ ಲಿಮರೆನ್ಸ್ ಅಂತ ಹೆಸರಿಟ್ಟರು. ಅವರು ಕಂಡಿದ್ದು ಏನಂದ್ರೆ ಇದು ಬದುಕೋದೇ ಆಸೆ ಮತ್ತೆ ಅನುಮಾನ ಎರಡೂ ಸೇರಿದಾಗ. ಆ ಕಡೆಯಿಂದ ಪೂರ್ತಿ ಹೌದು ಅಂತ ಸಿಕ್ಕಿ ಅದು ಗಟ್ಟಿ ಆದ್ರೂ ನಿಧಾನಕ್ಕೆ ಇಳಿಯತ್ತೆ, ಖಡಾಖಂಡಿತ ಇಲ್ಲ ಅಂತ ಗೊತ್ತಾದ್ರೂ ಇಳಿಯತ್ತೆ, ನಡುವೆ ತೂಗಾಡ್ತಾ ಇದ್ರೆ ಮಾತ್ರ ಏರ್ತಾನೇ ಇರತ್ತೆ. ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಅಂತ ಅವರ ಅಂದಾಜು. ಈಗ ನಿನ್ನ ಪತ್ರ ನೀನೇ ಓದ್ಕೋ. ಒಂದಿನ ಗಂಟೆಗಟ್ಟಲೆ ಮಾತು, ಮಾರನೇ ದಿನ ಬ್ಲೂ ಟಿಕ್. ಅವಳು ಬೇಕಂತ ಮಾಡ್ತಿದಾಳೆ ಅಂತ ನಾನು ಹೇಳ್ತಿಲ್ಲ, ಪಾಪ ಅವಳಿಗೆ ಆವತ್ತು ಕೆಲಸ ಜಾಸ್ತಿ ಇರಬಹುದು, ಅಥವಾ ನೀನು ಬರೀ ಆಫೀಸ್ ಫ್ರೆಂಡ್ ಇರಬಹುದು. ಆದ್ರೆ ಅವಳು ದಿನಾ ಒಂದೇ ಥರ ಉತ್ತರ ಕೊಡೋಳಾಗಿದ್ರೆ ನೀನು ಇಷ್ಟು ಒದ್ದಾಡ್ತಾನೇ ಇರಲಿಲ್ಲ. ಅಂದ್ರೆ ನಿನ್ನ ಒದ್ದಾಟದಲ್ಲಿ ದೊಡ್ಡ ಪಾಲು ಅವಳದ್ದಲ್ಲ, ಆ ಕಾಯೋದರದ್ದು.

ಒಂದು ಕೆಲಸ ಮಾಡು. ಒಂದು ಹಾಳೆ ತಗೊಂಡು ಅವಳ ಬಗ್ಗೆ ನಿನಗೆ ಗೊತ್ತಿರೋದನ್ನ ಬರಿ. ಚೆನ್ನಾಗಿ ನಗ್ತಾಳೆ, ಡ್ರೆಸ್ ಸೆನ್ಸ್ ಇದೆ, ಇಬ್ರಿಗೂ ಒಂದೇ ಥರ ಹಾಡು ಇಷ್ಟ, ಇವು ಬೇಡ. ಅವಳಿಗೆ ಸಿಟ್ಟು ಬಂದ್ರೆ ಮೌನ ಆಗ್ತಾಳಾ ಕೂಗಾಡ್ತಾಳಾ, ತಪ್ಪು ಮಾಡಿದಾಗ ಒಪ್ಕೋತಾಳಾ, ಬೇಜಾರಾದಾಗ ಮೊದ್ಲು ಯಾರಿಗೆ ಫೋನ್ ಮಾಡ್ತಾಳೆ, ಇನ್ನೈದು ವರ್ಷಕ್ಕೆ ಅವಳ ಪ್ಲ್ಯಾನ್ ಏನು, ನೀನು ಹೇಳಿದ ಯಾವ ಮಾತನ್ನ ಅವಳು ಒಪ್ಪಿಲ್ಲ. ಅವಳ ಒಂದು ಗುಣ ನಿನಗೆ ಹಿಡಿಸಲ್ಲ, ಆದ್ರೂ ಪರವಾಗಿಲ್ಲ ಅನ್ಸಿದೆ, ಅಂಥದ್ದು ಒಂದಾದ್ರೂ ಇದೆಯಾ? ಹಾಳೆ ಖಾಲಿ ಉಳಿದ್ರೆ ಗಾಬರಿ ಆಗ್ಬೇಡ, ನಿನ್ನ ಫೀಲಿಂಗ್ ಸುಳ್ಳು ಅಂತ ಅದರ ಅರ್ಥ ಅಲ್ಲ. ನೀನಿನ್ನೂ ಅವಳನ್ನ ಭೇಟಿನೇ ಆಗಿಲ್ಲ ಅಂತ ಅರ್ಥ, ಇಲ್ಲಿವರೆಗೂ ನೀನು ಮಾತಾಡ್ಸಿದ್ದು ನಿನ್ನ ತಲೆಯಲ್ಲಿರೋ ಹುಡುಗಿನ.

ಆಮೇಲೆ ಹೋಗಿ ನೇರವಾಗಿ ಕೇಳು. ಮೆಸೇಜಲ್ಲಿ ಬೇಡ, ಎದುರಿಗೆ, ಎರಡೇ ಮಾತು, "ನನಗೆ ನೀನಂದ್ರೆ ಇಷ್ಟ, ನಿನ್ನನ್ನ ಇನ್ನೂ ಅರ್ಥ ಮಾಡ್ಕೊಳ್ಳೋ ಆಸೆ ಇದೆ, ನಿನಗೂ ಹಾಗನ್ಸತ್ತಾ?" ಇಲ್ಲ ಅಂದ್ರೆ ಇಲ್ಲ. ನೋಡೋಣ, ಗೊತ್ತಿಲ್ಲ, ಟೈಮ್ ಬೇಕು ಅಂತ ತಿಂಗಳುಗಟ್ಟಲೆ ಎಳೆದ್ರೂ ಅದನ್ನ ಇಲ್ಲ ಅಂತಲೇ ತಗೋ, ಒಂದೇ ಆಫೀಸು ಬೇರೆ, ಅವಳಿಗೆ ಮುಜುಗರ ಆಗಬಾರದು. ಆಮೇಲೆ ಚಾಟನ್ನ ಆರ್ಕೈವ್‌ಗೆ ಹಾಕಿ ಸ್ಟೇಟಸ್ ನೋಡೋದು ನಿಲ್ಸು. ಮೊದಲ ವಾರಗಳು ಕಷ್ಟ ಆಗತ್ತೆ, ಇಲ್ಲ ಅಂತ ಸುಳ್ಳು ಹೇಳಲ್ಲ.

ಪ್ರಶ್ನೆ: ಅಕ್ಕಾ, ಗುಂಪಲ್ಲಿ ಟ್ರೆಕಿಂಗ್ ಹೋಗಿದ್ವಿ, ದಾರಿ ತಪ್ಪಿ ಮಳೆಯಲ್ಲಿ ಕತ್ತಲಾಯ್ತು. ಪರಿಚಯನೇ ಇಲ್ಲದ ಒಬ್ಬ ಹುಡುಗ ಇಡೀ ದಾರಿ ನನ್ನ ಕೈ ಹಿಡ್ದು ಇಳಿಸಿದ. ವಾಪಸ್ ಬಂದಾಗಿಂದ ಅವನದ್ದೇ ಧ್ಯಾನ. ಇವನೇ ನನ್ನವನು ಅಂತ ಬಲವಾಗಿ ಅನ್ನಿಸ್ತಿದೆ. ಮಾತಾಡ್ಲಾ?

ಉತ್ತರ: ಮಾತಾಡು, ಆದ್ರೆ "ಇವನೇ ನನ್ನವನು" ಅನ್ನೋದನ್ನ ಸ್ವಲ್ಪ ಪಕ್ಕಕ್ಕಿಟ್ಟು ಮಾತಾಡು.

ನಿನ್ನಂಥವರಿಗೇ ಅಂತ ಮಾಡಿದ ಹಾಗಿರೋ ಒಂದು ಪ್ರಯೋಗ ಇದೆ. ಕೆನಡಾದ ವ್ಯಾಂಕೂವರ್ ಹತ್ರ ಕ್ಯಾಪಿಲಾನೋ ತೂಗುಸೇತುವೆ ಅಂತ ಒಂದಿದೆ, ಕೆಳಗಿನ ಕಣಿವೆಯಿಂದ ಸುಮಾರು 230 ಅಡಿ ಎತ್ತರ, ನಡೆದ್ರೆ ಓಲಾಡತ್ತೆ. ಡೊನಾಲ್ಡ್ ಡಟನ್, ಆರ್ಥರ್ ಅರಾನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಅಲ್ಲಿ ಒಬ್ಬ ಯುವತಿಯನ್ನ ನಿಲ್ಸಿ, ದಾಟ್ತಿದ್ದ ಗಂಡಸರಿಗೆ ಏನೋ ಪ್ರಶ್ನೆ ಕೇಳಿಸಿ, ಜಾಸ್ತಿ ವಿವರ ಬೇಕಿದ್ರೆ ಫೋನ್ ಮಾಡಿ ಅಂತ ನಂಬರ್ ಕೊಡ್ಸಿದ್ರು. ತೂಗುಸೇತುವೆ ಮೇಲೆ ನಂಬರ್ ತಗೊಂಡ 18 ಜನರಲ್ಲಿ 9 ಜನ ಫೋನ್ ಮಾಡಿದ್ರು. ಹತ್ತಿರದ ಗಟ್ಟಿ ಸೇತುವೆ ಮೇಲೆ ತಗೊಂಡ 16ರಲ್ಲಿ ಇಬ್ರು. ಪ್ರಶ್ನೆ ಕೇಳಿದ್ದು ಗಂಡಸಾಗಿದ್ದಾಗ ಈ ವ್ಯತ್ಯಾಸ ಕಾಣಲಿಲ್ಲ. 1974ರಲ್ಲಿ ಪ್ರಕಟ ಆಯ್ತು. ಅವರ ವಿವರಣೆ ಇಷ್ಟೇ, ಎದೆ ಹೊಡ್ಕೊಂಡಿದ್ದು ಭಯಕ್ಕೆ, ಆದ್ರೆ ಎದುರಿಗೆ ಯುವತಿ ಇದ್ದಿದ್ರಿಂದ ಮನಸ್ಸು ಅದರ ಕ್ರೆಡಿಟ್ಟನ್ನ ಅವಳಿಗೆ ಕೊಟ್ಟುಬಿಡ್ತು. ಇನ್ನೊಂದು ಸುತ್ತಿನಲ್ಲಿ ಸೇತುವೆ ದಾಟಿ ಹತ್ತು ನಿಮಿಷ ಸುಧಾರಿಸ್ಕೊಂಡವರನ್ನ ಕೇಳಿದಾಗ ಫೋನ್ ಮಾಡಿದವರು ಕಮ್ಮಿ.

ಕತ್ತಲು, ಮಳೆ, ದಾರಿ ತಪ್ಪಿದ್ದು, ಇಷ್ಟೆಲ್ಲ ಇರುವಾಗ ಹಿಡ್ಕೊಂಡ ಕೈ ಯಾರದ್ದಾದ್ರೂ ಬೆಚ್ಚಗೇ ಇರತ್ತೆ. ಹಾಗಂತ ಅವನು ಕೆಟ್ಟವನಾಗಲ್ಲ, ಕಷ್ಟದಲ್ಲಿ ತಾಳ್ಮೆಯಿಂದ ಇದ್ದ ಅನ್ನೋದು ಅವನ ಬಗ್ಗೆ ನಿನಗೆ ಗೊತ್ತಿರೋ ಒಂದು ಒಳ್ಳೇ ಸಂಗತಿ, ಅದನ್ನ ಬರ್ಕೋ. ಆದ್ರೆ ಅವನನ್ನ ಒಂದು ಮಾಮೂಲಿ ಮಧ್ಯಾಹ್ನ ಭೇಟಿಯಾಗು, ಏನೂ ನಡೀದೇ ಇರೋ ಜಾಗದಲ್ಲಿ. ಬೋರ್ ಆದ್ರೂ ಇನ್ನೊಂದ್ಸಲ ಸಿಗೋಣ ಅನ್ಸಿದ್ರೆ ಆಗ ನೋಡೋಣ.

ಪ್ರಶ್ನೆ: ಲವ್ ಅಟ್ ಫಸ್ಟ್ ಸೈಟ್ ಇದೆಯಾ ಇಲ್ವಾ, ಒಂದೇ ಸಾಲಲ್ಲಿ ಹೇಳಿ.

ಉತ್ತರ: ಮೊದಲ ನೋಟಕ್ಕೆ ಸೆಳೆತ ಇದೆ, ಚೆನ್ನಾಗೇ ಇದೆ. ಒಂದು ಸಾಲಾಯ್ತು. ಇನ್ನೊಂದು ಬಿಟ್ಟಿ. ರಾಬರ್ಟ್ ಸ್ಟರ್ನ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞ 1986ರಲ್ಲಿ ಪ್ರೀತಿಗೆ ಮೂರು ಮೂಲೆ ಅಂದ್ರು, ಆಪ್ತತೆ, ಮೋಹ, ಬದ್ಧತೆ. ಮೋಹ ಒಂದೇ ಇದ್ರೆ ಅದು ಇನ್‌ಫ್ಯಾಚುಯೇಶನ್. ಮೊದಲ ನೋಟಕ್ಕೆ ಬರೋದು ಆ ಒಂದು ಮೂಲೆ ಮಾತ್ರ, ಉಳಿದೆರಡಕ್ಕೆ ಕ್ಯಾಲೆಂಡರ್ ಬೇಕು. ಕೆಲವರಿಗೆ ಉಳಿದೆರಡೂ ಆಮೇಲೆ ಸಿಕ್ಕಿ "ನೋಡಿದ ತಕ್ಷಣ ಗೊತ್ತಾಗಿತ್ತು ನಂಗೆ" ಅಂತ ಹೇಳ್ಕೊಂಡು ಓಡಾಡ್ತಾರೆ. ಸಿಗದೇ ಹೋದವರು ಆ ಕಥೆ ಹೇಳಲ್ಲ, ಅಷ್ಟೇ.

ಪ್ರಶ್ನೆ: ಮದುವೆಯಾಗಿ 9 ವರ್ಷ. ನಮ್ಮದು ಲವ್ ಮ್ಯಾರೇಜ್. ಮೊದ್ಲೆಲ್ಲ ಅವರು ಬಂದು ಬೆಲ್ ಮಾಡಿದ್ರೆ ಎದೆ ಧಸಕ್ ಅಂತಿತ್ತು, ಈಗ ಬಂದ್ರಾ ಅಂತ ತಲೆ ಕೂಡ ಎತ್ತಲ್ಲ. ಜಗಳ ಇಲ್ಲ, ಮೋಸ ಇಲ್ಲ, ಏನೂ ಇಲ್ಲ. ಈಚೆಗೆ ಆಫೀಸಲ್ಲಿ ಒಬ್ಬರ ಜೊತೆ ಮಾತಾಡುವಾಗ ಆ ಹಳೇ ಧಸಕ್ ಮತ್ತೆ ಆಯ್ತು, ಭಯ ಬಿದ್ದೆ. ನಮ್ಮಿಬ್ಬರದ್ದು ಪ್ರೀತಿನೇ ಆಗಿರಲಿಲ್ವಾ? ಅಥವಾ ಮುಗೀತಾ?

ಉತ್ತರ: ಮೊದಲು ಆ ಭಯ ಕಮ್ಮಿ ಮಾಡ್ತೀನಿ, ಆಮೇಲೆ ಬೇರೆ ಒಂದು ಹೇಳ್ತೀನಿ.

ಧಸಕ್ ನಿಂತಿದ್ದು ಪ್ರೀತಿ ಸುಳ್ಳಾಗಿತ್ತು ಅಂತಲೋ ಮುಗೀತು ಅಂತಲೋ ತೋರ್ಸಲ್ಲ. ಬರ್ತಾರೋ ಇಲ್ವೋ ಅನ್ನೋ ಆತಂಕ ಇದ್ದಾಗ ಬೆಲ್ ಸದ್ದು ಅಷ್ಟು ದೊಡ್ಡದು, ಬಂದೇ ಬರ್ತಾರೆ ಅಂತ ಗೊತ್ತಿದ್ರೆ ಎದೆ ಯಾಕೆ ಹೊಡ್ಕೋಬೇಕು? ಮೇಲೆ ಹೇಳಿದ ಸೇತುವೆಯ ಆರ್ಥರ್ ಅರಾನ್ ಇದ್ದಾರಲ್ಲ, ಅವರು, ಬಿಯಾಂಕಾ ಅಸೆವೆಡೊ, ಹೆಲೆನ್ ಫಿಶರ್, ಲೂಸಿ ಬ್ರೌನ್ ಸೇರಿ ಮದುವೆಯಾಗಿ ಸರಾಸರಿ 21 ವರ್ಷ ಕಳೆದ, ಈಗಲೂ ಗಾಢವಾಗಿ ಪ್ರೀತಿಸ್ತೀವಿ ಅಂದ 17 ಜನರ ಮಿದುಳನ್ನ ಸ್ಕ್ಯಾನ್ ಮಾಡಿದ್ರು. ಸಂಗಾತಿಯ ಫೋಟೊ ನೋಡಿದಾಗ ಹೊಸ ಪ್ರೇಮಿಗಳಲ್ಲಿ ಚುರುಕಾಗೋ, ಬಯಕೆಗೆ ನಂಟಿರೋ ಡೋಪಮೈನ್ ಅನ್ನೋ ರಾಸಾಯನಿಕ ಹೆಚ್ಚಿರೋ ಭಾಗಗಳು ಇವರಲ್ಲೂ ಚುರುಕಾದ್ವು, ಜೊತೆಗೆ ತಾಯಿ-ಮಗುವಿನ ಬಂಧದಂಥ ನಂಟಿಗೆ ಸಂಬಂಧಪಟ್ಟ ಭಾಗಗಳೂ. ಕಮ್ಮಿ ಇದ್ದಿದ್ದು ಮೊದಮೊದಲಿನ ಆ ಗೀಳು, ಆ ಆತಂಕ. ಇವರೆಲ್ಲ ಆರಿಸಿದ ಜನ, ಎಲ್ಲಾ ಮದುವೆಗಳೂ ಹೀಗೇ ಅಂತಲ್ಲ, ಆದ್ರೆ ಆತಂಕ ಕಳೆದ್ಮೇಲೂ ಆಸೆ ಉಳಿಯೋಕೆ ಸಾಧ್ಯ ಇದೆ ಅಂತ ಮಾತ್ರ ಗೊತ್ತಾಗತ್ತೆ.

ಇನ್ನು ಬೇರೆ ವಿಷಯ. ನೀವು ಧಸಕ್ ಬಗ್ಗೆ ಇಷ್ಟು ಚಿಂತೆ ಮಾಡಿದೀರಿ, ನನ್ನ ಕಣ್ಣು ನಿಂತಿದ್ದು "ತಲೆ ಕೂಡ ಎತ್ತಲ್ಲ" ಅನ್ನೋ ಮಾತಿನ ಮೇಲೆ. ಜಾನ್ ಗಾಟ್‌ಮನ್ ಅಂತ ಅಮೆರಿಕದಲ್ಲಿ ದಂಪತಿಗಳನ್ನ ವರ್ಷಾನುಗಟ್ಟಲೆ ಕೂತು ಗಮನಿಸಿದವರು. ಹೊಸ ಜೋಡಿಗಳನ್ನ ಮನೆ ಥರಾನೇ ಇರೋ ಒಂದು ಲ್ಯಾಬಲ್ಲಿ ಇರೋಕೆ ಬಿಟ್ಟು ಅವರು ನೋಡಿದ್ದು ತೀರಾ ಸಣ್ಣ ವಿಷಯಗಳನ್ನ, ಒಬ್ರು "ಏ ಆ ಹಕ್ಕಿ ನೋಡು" ಅಂದ್ರೆ ಇನ್ನೊಬ್ರು ನೋಡ್ತಾರಾ, ಹೂಂ ಅಂತಾರಾ, ತಮ್ಮ ಪಾಡಿಗೆ ಇರ್ತಾರಾ. ಆರು ವರ್ಷ ಆದ್ಮೇಲೆ ಇನ್ನೂ ಜೊತೆಗಿದ್ದವರು ಅಂಥ ಕರೆಗಳಿಗೆ 86% ಸಲ ಓಗೊಟ್ಟಿದ್ರು, ಬೇರೆಯಾಗಿದ್ದವರು 33% ಸಲ. ಹಕ್ಕಿ ನೋಡು ಅಂದ್ರೆ ಹಕ್ಕಿ ಬಗ್ಗೆ ಅಲ್ಲ ಅಂತ ನಿಮಗೂ ಗೊತ್ತು.

ಧಸಕ್ ಅನ್ನೋದು ನಿಮ್ಮ ಕೈಲಿಲ್ಲ, ತಲೆ ಎತ್ತೋದು ಇದೆ. ಇವತ್ತು ಅವರು ಬಂದಾಗ ಫೋನ್ ಕೆಳಗಿಟ್ಟು ಮುಖ ನೋಡಿ. ದಿನ ಹೇಗಿತ್ತು ಅಂತ ಕೇಳಿ, "ಹಾಂ ಓಕೆ" ಅಂತಾರೆ, ಗೊತ್ತು, ಇನ್ನೊಂದು ಪ್ರಶ್ನೆ ಕೇಳಿ. ಅವರೂ ಇಷ್ಟೇ ಮಾಡಬೇಕು, ಎಲ್ಲಾ ಭಾರ ನಿಮ್ಮ ತಲೆ ಮೇಲೆ ಹಾಕ್ತಿಲ್ಲ, ಹಾಗಾಗಿ ಈ ಮಾತನ್ನ ಅವರಿಗೂ ಹೇಳಿ, "ನಾವು ಒಬ್ಬರನ್ನೊಬ್ಬರು ನೋಡೋದೇ ಬಿಟ್ಟಿದೀವಿ ಅನ್ಸತ್ತೆ" ಅಂತ. ಅರಾನ್ ಅವರ ಇನ್ನೊಂದು ಸಾಲಿನ ಅಧ್ಯಯನಗಳಲ್ಲಿ ಹೊಸ, ಸ್ವಲ್ಪ ಸವಾಲಿನ ಕೆಲಸವನ್ನ ಜೊತೆಯಾಗಿ ಮಾಡಿದ ದಂಪತಿಗಳಿಗೆ ಸಂಬಂಧದ ಬಗ್ಗೆ ತೃಪ್ತಿ ಹೆಚ್ಚಾಗಿದ್ದು ಕಂಡಿದೆ, ಇಬ್ಬರಿಗೂ ಬರದೇ ಇರೋದು ಏನಾದ್ರೂ ಒಟ್ಟಿಗೆ ಕಲಿಯೋಕೆ ಸೇರ್ಕೊಳ್ಳಿ.

ಆಫೀಸಿನವರ ವಿಷಯ. ಅವರ ದಿನದ ಅತ್ಯುತ್ತಮ ಹದಿನೈದು ನಿಮಿಷವನ್ನ ನೀವು ನೋಡ್ತೀರಿ, ನಿಮ್ಮವರದ್ದು ಇಡೀ ಇಪ್ಪತ್ತನಾಲ್ಕು ಗಂಟೆ, ಗೊರಕೆ, ಬಿಲ್ಲು, ತಲೆನೋವು ಎಲ್ಲಾ ಸೇರಿ. ಈ ತೂಕ ಸರಿಯಿಲ್ಲ. ಒಂದ್ಸಲ ಧಸಕ್ ಅಂದಿದ್ದು ಪಾಪ ಅಲ್ಲ, ಮನುಷ್ಯರಿಗೆ ಆಗತ್ತೆ. ಆದ್ರೆ ಅವರ ಜೊತೆಗಿನ ಯಾವ ಮೆಸೇಜನ್ನ ಮನೆಯಲ್ಲಿ ತೋರಿಸೋಕೆ ಹಿಂಜರಿಕೆ ಆಗತ್ತೋ ಆ ಮೆಸೇಜ್ ಕಳಿಸಬೇಡಿ.

ಪ್ರಶ್ನೆ: ಮಗಳಿಗೆ 15. ಯಾರೋ ಹುಡುಗನ ಹೆಸರನ್ನ ನೋಟ್‌ಬುಕ್ ತುಂಬಾ ಬರ್ದಿದಾಳೆ. ಕೇಳಿದ್ರೆ "ನಿಂಗೆ ಅರ್ಥ ಆಗಲ್ಲ ಅಮ್ಮ, ಇದು ಟ್ರೂ ಲವ್" ಅಂತಾಳೆ. ಫೋನ್ ಕಿತ್ಕೊಳ್ಳೋದೇ ಸರಿ ಅಂತಾರೆ ಮನೆಯವರು.

ಉತ್ತರ: ನಿಂಗೆ ಅರ್ಥ ಆಗಲ್ಲ ಅಂತ ಬಾಯಿಬಿಟ್ಟು ಹೇಳಿದಾಳಲ್ಲ, ಇನ್ನೂ ಮಾತಿಗೆ ಸಿಗ್ತಿದಾಳೆ ಅಂತ ಅರ್ಥ, ಅದನ್ನ ಕಳ್ಕೋಬೇಡಿ. "ಈ ವಯಸ್ಸಲ್ಲಿ ಎಂಥಾ ಲವ್ವು" ಅಂತ ನಕ್ಕುಬಿಟ್ರೆ ಮುಂದಿನ ಸಲ ಏನಾದ್ರೂ ಎಡವಟ್ಟಾದಾಗ ನಿಮ್ಮ ಹತ್ರ ಬರಲ್ಲ. ಅವನಲ್ಲಿ ಏನು ಇಷ್ಟ ಅಂತ ಕೇಳಿ, ಉಪದೇಶ ಸೇರಿಸ್ದೆ ಕೇಳಿ. ಓದು, ನಿದ್ದೆ, ಗೆಳತಿಯರು, ಇವು ಮೂರೂ ಮೊದಲಿನ ಹಾಗೇ ಇದ್ರೆ ಇದು ಅದರ ಪಾಡಿಗೆ ಇಳಿಯತ್ತೆ ಅಂತ ನನ್ನ ಅನಿಸಿಕೆ. ರಾತ್ರಿ ಫೋನ್ ರೂಮಿನ ಹೊರಗೆ ಅನ್ನೋ ನಿಯಮ ಇಡಬಹುದು, ಮನೆಯಲ್ಲಿ ಎಲ್ಲರಿಗೂ, ಅವಳಿಗೊಬ್ಬಳಿಗೇ ಅಲ್ಲ.

ಆದ್ರೆ ನೀವು ಹುಡುಗ ಅಂತ ಮಾತ್ರ ಬರ್ದಿದೀರಿ, ವಯಸ್ಸು ಬರ್ದಿಲ್ಲ. ಕ್ಲಾಸ್‌ಮೇಟ್ ಆಗಿದ್ರೆ ಮೇಲೆ ಹೇಳಿದ್ದು ಸಾಕು. ಅವನು ದೊಡ್ಡವನಾಗಿದ್ದು, ಯಾರಿಗೂ ಹೇಳಬೇಡ ಅಂತಿದ್ರೆ, ಗಿಫ್ಟ್ ಕೊಡ್ತಿದ್ರೆ, ಫೋಟೊ ಕೇಳ್ತಿದ್ರೆ ಅದು ಈ ಅಂಕಣದ ವಿಷಯನೇ ಅಲ್ಲ. ಮೆಸೇಜುಗಳನ್ನ ಡಿಲೀಟ್ ಮಾಡ್ದೆ ಹಾಗೇ ಇಟ್ಕೊಂಡು ಇವತ್ತೇ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ತಿಳಿಸಿ. ಮಗಳನ್ನ ಬೈಬೇಡಿ.