ಹೊಸ ಕಮೋಡ್, ಹಳೆಯ ಪೈಪು, ನಡುವೆ ಎರಡು ಬೆರಳಿನ ಅಂತರ

ನಿಮ್ಮ ಪ್ರಶ್ನೆ ಇಷ್ಟು: ಬಿರುಕು ಬಿಟ್ಟ ಹಳೆಯ ಕಮೋಡನ್ನು ಕಿತ್ತಾಗಿದೆ, ಹೊಸದು ಮನೆಗೆ ಬಂದಿದೆ. ಆದರೆ ಅದರ ಹೊರಬಾಯಿಗೂ ನೆಲದಲ್ಲಿರುವ ಹಳೆಯ ಎರಕದ ಕಬ್ಬಿಣದ ಪೈಪಿಗೂ ಎರಡು ಬೆರಳಿನಷ್ಟು ವ್ಯತ್ಯಾಸ. ಕೆಲಸಕ್ಕೆ ಬಂದವರು ‘ಸುತ್ತ ಸಿಮೆಂಟು ತುಂಬಿದರೆ ಆಯಿತು’ ಎನ್ನುತ್ತಿದ್ದಾರೆ. ತುಂಬಿಸಬಹುದೇ?

ಬೇಡ. ನಾನು ವೃತ್ತಿಯಿಂದ ಪ್ಲಂಬರ್ ಅಲ್ಲ. ಈವರೆಗೆ ಮೂರು ಕಡೆ ಕಮೋಡ್ ಕೂರಿಸಿದ್ದೇನೆ, ಅವುಗಳಲ್ಲಿ ಒಂದು ಕಡೆ ಎರಡು ಸಲ. ಎರಡನೆಯ ಸಲ ಕೂರಿಸಬೇಕಾಗಿ ಬಂದದ್ದು ಇದೇ ಸಿಮೆಂಟಿನ ದೆಸೆಯಿಂದ. ಮೊದಲ ದಿನ ಅದು ಬಂಡೆಯ ಹಾಗೆ ಕುಳಿತಿತ್ತು. ಕೆಲವು ತಿಂಗಳು ಕಳೆದ ಮೇಲೆ ಬೆಳಗ್ಗೆ ಬಾಗಿಲು ತೆರೆದರೆ ಸಣ್ಣ ವಾಸನೆ. ಫಿನಾಯಿಲ್ ಹಾಕಿ ತೊಳೆದೆವು, ಹೋಗಲಿಲ್ಲ. ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದಾಗ ಸಿಮೆಂಟಿನ ಕಟ್ಟಿನಲ್ಲಿ ಕೂದಲೆಳೆಯಷ್ಟು ಸೀಳು, ಅದರ ಕೆಳಗೆ ಕಂದು ಬಣ್ಣದ ಒದ್ದೆ ಗೆರೆ. ಉಳಿಯಿಂದ ಬಿಡಿಸಲು ಹೋದರೆ ಸಿಮೆಂಟಿನ ಜೊತೆಗೆ ಕಮೋಡಿನ ಪಾದವೂ ಎದ್ದು ಬಂತು. ಚೆನ್ನಾಗಿಯೇ ಇದ್ದ ಕಮೋಡ್ ಹಾಗೆ ಕಸವಾಯಿತು.

ಇದಕ್ಕೆ ಕಾರಣ ಸರಳ. ಒಬ್ಬರು ಕುಳಿತು ಎದ್ದಾಗಲೆಲ್ಲ ಕಮೋಡ್ ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಕೆಳಗಿನ ಪೈಪು ಅಲುಗುವುದಿಲ್ಲ. ನಡುವಿನ ಸಿಮೆಂಟಿಗೆ ಬಾಗುವ ಗುಣವೇ ಇಲ್ಲ; ಒಣಗುವಾಗಲೇ ಒಂದಿಷ್ಟು ಕುಗ್ಗಿರುತ್ತದೆ. ಆಗ ಸಿಮೆಂಟು ಸೀಳಬೇಕು, ಇಲ್ಲವೇ ಪಿಂಗಾಣಿ ಸೀಳಬೇಕು. ಹಾಗಾಗಿ ಆ ಜಾಗದಲ್ಲಿ ಇರಬೇಕಾದ್ದು ರಬ್ಬರು, ಅಂದರೆ ಕಮೋಡಿನ ಹೊರಬಾಯಿಯನ್ನು ಪೈಪಿಗೆ ಜೋಡಿಸುವ, ರಬ್ಬರಿನ ತುಟಿಗಳಿರುವ ಪ್ಯಾನ್ ಕನೆಕ್ಟರ್.

ಕನೆಕ್ಟರ್ ಕೊಳ್ಳಲು ಓಡುವ ಮೊದಲು ಆ ಎರಡು ಬೆರಳು ಯಾವ ದಿಕ್ಕಿನವು ಎಂದು ನೋಡಿ. ನೀವು ಅದನ್ನು ಬರೆದಿಲ್ಲ, ಅರ್ಧ ಉತ್ತರ ಇರುವುದು ಅಲ್ಲೇ. ಟೈಲ್ಸ್ ಹಾಕಿದ ಗೋಡೆಯ ಮೇಲ್ಮೈಯಿಂದ ನೆಲದ ಪೈಪಿನ ನಡುಮಧ್ಯದವರೆಗೆ ಅಳೆಯಿರಿ. ನೆಲಕ್ಕೆ ನೀರು ಬಿಡುವ ಎಸ್ ಟ್ರ್ಯಾಪ್ ಕಮೋಡುಗಳಲ್ಲಿ ಈ ಅಳತೆ ಹೆಚ್ಚಾಗಿ 300 ಮಿ.ಮೀ. ಇರುತ್ತದೆ, ಹಳೆಯ ಮನೆಗಳಲ್ಲಿ 225, 250 ಕೂಡ ಸಿಗುತ್ತವೆ. ಗೋಡೆಗೆ ಹೊಸದಾಗಿ ಟೈಲ್ಸ್ ಅಂಟಿಸಿದ್ದರೆ ಗಾರೆಯೂ ಟೈಲ್ಸೂ ಸೇರಿ ಒಂದು ಬೆರಳನ್ನು ಆಗಲೇ ನುಂಗಿರುತ್ತವೆ.

ಪೈಪು ಗೋಡೆಯಿಂದ ಬೇಕಾದದ್ದಕ್ಕಿಂತ ದೂರ ಇದ್ದರೆ ನೀವು ಅದೃಷ್ಟವಂತರು. ಕಮೋಡನ್ನೇ ಎರಡು ಬೆರಳು ಮುಂದೆ ಕೂರಿಸಿ. ಟ್ಯಾಂಕಿನ ಹಿಂದೆ ಸಂದು ಉಳಿಯುತ್ತದೆ, ಅಷ್ಟೇ. ಟ್ಯಾಂಕು ಹಿಂದಕ್ಕೆ ಒರಗದಂತೆ ಅಲ್ಲಿಗೆ ಒಂದು ಪಟ್ಟಿ ಕೊಡಿ. ಪೈಪು ಗೋಡೆಗೆ ಹತ್ತಿರ ಇದ್ದರೆ ಮಾತ್ರ ಪೇಚು, ಏಕೆಂದರೆ ಟ್ಯಾಂಕು ಗೋಡೆಯೊಳಗೆ ಹೋಗುವುದಿಲ್ಲ. ಆಗ ಆಫ್‌ಸೆಟ್ ಪ್ಯಾನ್ ಕನೆಕ್ಟರ್ ಬೇಕು. ಇದರ ಎರಡು ಬಾಯಿಗಳು ಒಂದೇ ನೇರದಲ್ಲಿರುವುದಿಲ್ಲ. ಸುಮಾರು 20 ಮಿ.ಮೀ., 40 ಮಿ.ಮೀ. ಪಕ್ಕಕ್ಕೆ ಸರಿದಿರುತ್ತವೆ. ತಿರುಗಿಸಿ ಕೂರಿಸಿದರೆ ಹಿಂದೆ, ಮುಂದೆ, ಎಡ, ಬಲ ಯಾವ ಕಡೆಗಾದರೂ ಆ ವ್ಯತ್ಯಾಸವನ್ನು ಹೀರಿಕೊಳ್ಳುತ್ತದೆ. ಎರಡು ಬೆರಳಿಗೆ 40ರದ್ದು ಸಾಕಾಗಬೇಕು. ಅದಕ್ಕೂ ಎಟುಕದಿದ್ದರೆ ಕಮೋಡನ್ನೇ ಬದಲಾಯಿಸಿಕೊಳ್ಳಿ. ನೀರನ್ನು ಹಿಂದಕ್ಕೆ ಅಡ್ಡವಾಗಿ ಬಿಡುವ ಪಿ ಟ್ರ್ಯಾಪ್ ಮಾದರಿಗೆ 90 ಡಿಗ್ರಿ ಬೆಂಡ್ ಕನೆಕ್ಟರ್ ಜೋಡಿಸಿದರೆ ಅದರ ಕಾಲನ್ನು ಕತ್ತರಿಸಿ ದೂರವನ್ನು ಹೊಂದಿಸಿಕೊಳ್ಳಬಹುದು. ನೆಲ ಅಗೆದು ಪೈಪನ್ನೇ ಸರಿಸುವುದು ಮೂಗಿಗಿಂತ ಮೂಗುತಿ ಭಾರ.

ಅಂಗಡಿಯವರು ಇನ್ನೊಂದು ವಸ್ತುವನ್ನು ಮುಂದೆ ತಳ್ಳುತ್ತಾರೆ: ಹಾರ್ಮೋನಿಯಂ ತಿದಿಯ ಹಾಗೆ ಹಿಗ್ಗಿ ಕುಗ್ಗುವ ಪೈಪು. ಎಲ್ಲಿಗೆ ಬೇಕಾದರೂ ಬಾಗುತ್ತದೆ, ಅದೇ ಅದರ ದೋಷವೂ ಹೌದು. ಒಳಗಿನ ಮಡಿಕೆಗಳಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೆ, ಎಳೆದು ಕೂರಿಸಿದರೆ ನಡುವೆ ಜೋತುಬಿದ್ದು ನೀರು ನಿಲ್ಲುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬಳಸಿ. ಅದೂ ಮುಂದೆ ಕೈ ಹಾಕಿ ಬಿಚ್ಚಬಹುದಾದ ಜಾಗದಲ್ಲಿ.

ಇನ್ನು ಪೈಪಿನ ಬಾಯಿ. ಹೆಚ್ಚಿನವರು ಅವಸರ ಮಾಡುವುದು ಇಲ್ಲಿ, ನನ್ನ ಅರ್ಧ ದಿನ ಹೋದದ್ದೂ ಇಲ್ಲಿಯೇ. ಮೊದಲು ಹಳೆಯ ಬಟ್ಟೆಯನ್ನು ಉಂಡೆ ಮಾಡಿ ಪೈಪಿನೊಳಗೆ ತುರುಕಿ. ಆ ಉಂಡೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹೊರಗೆ ಯಾವುದಕ್ಕಾದರೂ ಬಿಗಿಯಿರಿ. ಚರಂಡಿಯ ಅನಿಲ ಮೇಲೆ ಬರುವುದಿಲ್ಲ, ಚೂರುಗಳು ಕೆಳಗೆ ಬೀಳುವುದಿಲ್ಲ. ಹಗ್ಗವಿಲ್ಲದ ಬಟ್ಟೆ ಒಮ್ಮೆ ಒಳಗೆ ಜಾರಿತೆಂದರೆ ಅದನ್ನು ಮರಳಿ ತರಲು ಪೈಪು ಒಡೆಯಬೇಕಾದೀತು. ಬಿದ್ದ ಚೂರು ಸುಮ್ಮನಿರುವುದಿಲ್ಲ. ಕೆಳಗಿನ ತಿರುವಿನಲ್ಲಿ ಕುಳಿತು ಹೋಗಿ ಬರುವ ಕಾಗದವನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಯಾವಾಗಲೋ ಪೈಪು ಕಟ್ಟಿಕೊಂಡಾಗ ಎಲ್ಲರೂ ಹೊಸ ಕಮೋಡನ್ನು ಬೈಯುತ್ತಾರೆ.

ನಿಮ್ಮ ಎರಕದ ಪೈಪಿನ ಸಾಕೆಟ್ಟಿನಲ್ಲಿ (ತುದಿಯ ಅಗಲವಾದ ಬಾಯಿಯಲ್ಲಿ) ಬೂದು ಬಣ್ಣದ ಮೆತ್ತನೆಯ ಲೋಹ ಕಂಡರೆ ಅದು ಸೀಸ. ಹಿಂದೆ ಸೆಣಬಿನ ಹುರಿಯನ್ನು ಸುತ್ತ ಗಿಡಿದು, ಮೇಲೆ ಕರಗಿದ ಸೀಸ ಸುರಿದು ಸಂದು ಮುಚ್ಚುತ್ತಿದ್ದರು. ಅದನ್ನು ಬೆಂಕಿಯಿಂದ ಕರಗಿಸಬೇಡಿ, ಹೊಗೆ ವಿಷ. ಸಾಲಾಗಿ ಡ್ರಿಲ್ ರಂಧ್ರ ಕೊರೆದು ಮೀಟಿ ತೆಗೆದರೆ ತುಂಡಾಗಿ ಬರುತ್ತದೆ. ಕೈಗವಸು ಇರಲಿ. ನಂತರ ಪೈಪಿನ ಒಳಮೈಯನ್ನು ತಂತಿ ಬ್ರಷ್‌ನಿಂದ ತಿಕ್ಕಿ. ಒಳಗೆ ಕಟ್ಟಿದ ತುಕ್ಕಿನ ಗಂಟುಗಳು ಉಳಿದರೆ ಕನೆಕ್ಟರಿನ ರಬ್ಬರಿನ ತುಟಿಗಳು ಸಮನಾಗಿ ಒತ್ತಿಕೊಳ್ಳುವುದಿಲ್ಲ. ಬೆರಳಿನಿಂದ ಸುತ್ತ ಸವರಿ ನೋಡಿ. ಬೆರಳಿಗೆ ತಡೆಯುವುದೆಲ್ಲ ರಬ್ಬರಿಗೂ ತಡೆಯುತ್ತದೆ.

ಪೈಪನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿಯೂ ನೋಡಿ. ಗಟ್ಟಿ ಕಬ್ಬಿಣ ಗಂಟೆಯಂತೆ ನಾದ ಕೊಡುತ್ತದೆ, ಒಳಗೇ ತಿಂದುಹೋದದ್ದು ಬೊದ್ದೆನ್ನುತ್ತದೆ. ಬೊದ್ದೆಂದರೆ ಆ ಭಾಗವನ್ನು ಕತ್ತರಿಸಿ 110 ಮಿ.ಮೀ. ಪಿವಿಸಿ ತುಂಡು ಹಾಕಿ, ಎರಡರ ನಡುವೆ ಉಕ್ಕಿನ ಪಟ್ಟಿಯಿರುವ ರಬ್ಬರ್ ಕಪ್ಲಿಂಗ್ ಬಿಗಿಯುವುದೇ ವಾಸಿ. ಎರಡು ಪೈಪುಗಳ ಹೊರ ಅಳತೆ ಬೇರೆಬೇರೆ ಇರುತ್ತದೆ. ಕೊಳ್ಳುವ ಮುನ್ನ ಎರಡನ್ನೂ ಅಳೆದುಕೊಳ್ಳಿ. ಅದು ಮೇಲಿನಿಂದ ಇಳಿದು ಬರುವ ನಿಲುವು ಪೈಪಾಗಿದ್ದರೆ ಕತ್ತರಿಸುವ ಮೊದಲು ಮೇಲ್ಭಾಗಕ್ಕೆ ಭದ್ರವಾದ ಆಧಾರ ಕೊಡಿಸಿ, ಎರಕದ ಕಬ್ಬಿಣದ ಭಾರ ಹಗುರವಾದದ್ದಲ್ಲ. ಮೇಲಿನ ಮಹಡಿಯವರಿಗೂ ಮೊದಲೇ ಹೇಳಿಡಿ. ಏಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವೇಳೆ ನಿಮ್ಮ ಪೈಪು ಕಬ್ಬಿಣವೇ ಅಲ್ಲದೆ ಬೂದು ಸಿಮೆಂಟಿನಂತೆ ಕಂಡರೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಗ್ರೈಂಡರ್ ಇಡಬೇಡಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಅದನ್ನು ತಿಳಿದವರಿಗೇ ಬಿಡಿ.

ಕೂರಿಸುವಾಗ ಮೊದಲ ಸಲ ಎಲ್ಲವನ್ನೂ ಒಣದಾಗಿಯೇ ಜೋಡಿಸಿ, ರಸಮಟ್ಟ ಇಟ್ಟು ನೋಡಿ, ತಿರುಪು ರಂಧ್ರಗಳನ್ನು ಗುರುತು ಮಾಡಿ, ಮತ್ತೆ ಎತ್ತಿಡಿ. ನಂತರ ಬಟ್ಟೆಯನ್ನು ಹೊರಗೆಳೆಯಿರಿ. (ನಗಬೇಡಿ, ನಾನು ಒಮ್ಮೆ ಮರೆತಿದ್ದೇನೆ.) ರಬ್ಬರಿಗೆ ಸೋಪಿನ ನೀರು ಹಚ್ಚಿ ಒತ್ತಿದರೆ ಸಲೀಸಾಗಿ ಇಳಿಯುತ್ತದೆ; ಎಂಜಿನ್ ಎಣ್ಣೆ, ಗ್ರೀಸ್ ಹಚ್ಚಿದರೆ ರಬ್ಬರು ಉಬ್ಬಿ ಕೆಡುತ್ತದೆ. ಪಾದಕ್ಕೂ ಸಿಮೆಂಟು ಬೇಡ, ತಿರುಪು ಮತ್ತು ಸಿಲಿಕೋನ್ ಸಾಕು. ತಿರುಪನ್ನು ಒಂದೇ ಕಡೆ ಪೂರ್ತಿ ಬಿಗಿಯದೆ ಆ ಬದಿಗೊಂದು ಸುತ್ತು, ಈ ಬದಿಗೊಂದು ಸುತ್ತು ತಿರುಗಿಸಿ. ಅಲುಗಾಟ ನಿಂತ ಕ್ಷಣ ಕೈ ಬಿಡಿ. ಇನ್ನೊಂದು ಸುತ್ತು ಇರಲಿ ಎಂಬ ಆಸೆಗೆ ಬಿರುಕು ಬಿಟ್ಟ ಪಾದಗಳು ಬಹಳ.

ಒಂದು ಎಚ್ಚರ. ಹಳೆಯ ಟ್ಯಾಂಕುಗಳು ಒಂದು ಸಲಕ್ಕೆ 9 ಲೀಟರ್, ಕೆಲವು ಅದಕ್ಕೂ ಹೆಚ್ಚು ನೀರು ಬಿಡುತ್ತಿದ್ದವು. ಈಗಿನವು 6 ಲೀಟರ್, ಚಿಕ್ಕ ಗುಂಡಿಗೆ 3. ಒರಟಾದ ಹಳೆಯ ಪೈಪಿನಲ್ಲಿ ಇಷ್ಟು ನೀರು ಎಲ್ಲವನ್ನೂ ಬಹುದೂರ ತಳ್ಳಲಾರದು. ಅಡ್ಡ ಪೈಪಿನ ಇಳಿಜಾರು ಮೀಟರಿಗೆ 25 ಮಿ.ಮೀ. ಇದ್ದರೆ ನಿಶ್ಚಿಂತೆ, 12ಕ್ಕಿಂತ ಕಡಿಮೆಯಾದರೆ ತೊಂದರೆ. ಇಳಿಜಾರು ಕಡಿಮೆ ಎನಿಸಿದರೆ ಕೆಲವು ದಿನ ದೊಡ್ಡ ಗುಂಡಿಯನ್ನೇ ಒತ್ತಿ ನೋಡಿ. ಫ್ಲಶ್ ಮಾಡಿದ ಮೇಲೆ ಪಕ್ಕದ ಸಿಂಕು ಗುಳುಗುಳು ಎಂದರೆ ಅದು ಬೇರೆ ಕಥೆ: ಚರಂಡಿ ಪೈಪಿಗೆ ಗಾಳಿ ಒದಗಿಸುವ ಗಾಳಿ ಪೈಪು ಕಟ್ಟಿರಬಹುದು, ಆಗ ಇಳಿಯುವ ನೀರು ಟ್ರ್ಯಾಪಿನಲ್ಲಿ ನಿಂತು ವಾಸನೆ ತಡೆಯುವ ನೀರನ್ನೂ ಎಳೆದುಬಿಡುತ್ತದೆ.

ಕೊನೆಗೆ, ಜೋಡಣೆಯ ಸುತ್ತ ಒಣ ಟಿಶ್ಯೂ ಕಾಗದ ಸುತ್ತಿ ಹತ್ತು ಸಲ ಫ್ಲಶ್ ಮಾಡಿ, ಜೊತೆಗೆ ಒಮ್ಮೆ ಒಂದು ಬಕೆಟ್ ನೀರನ್ನು ದಬಕ್ಕನೆ ಸುರಿಯಿರಿ. ನಿಮ್ಮದು ನೆಲದೊಳಗಿನ ಜೋಡಣೆಯಾದ್ದರಿಂದ ಕಾಗದ ಎಟುಕದಿದ್ದರೆ ಪಾದದ ಸುತ್ತ ನೆಲದ ಮೇಲೆ ಹಾಸಿ. ಕಾಗದದಲ್ಲಿ ಒಂದು ಚುಕ್ಕೆ ಕಂಡರೂ ಬಿಚ್ಚಿ ಮತ್ತೆ ಕೂರಿಸಿ. ಸಿಲಿಕೋನ್ ಎಳೆಯುವಾಗ ಮೂರು ಬದಿ ಮಾತ್ರ ಎಳೆದು, ಹಿಂಬದಿಯಲ್ಲಿ ಒಂದು ಬೆರಳಿನಷ್ಟು ಜಾಗ ಹಾಗೆಯೇ ಬಿಡಿ. ಮುಂದೆ ಎಂದಾದರೂ ಸೋರಿದರೆ ನೀರು ಅಲ್ಲಿಂದ ಹೊರಬಂದು ಕಣ್ಣಿಗೆ ಬೀಳುತ್ತದೆ. ಪೂರ್ತಿ ಮುಚ್ಚಿದರೆ ಟೈಲ್ಸಿನ ಅಡಿಯಲ್ಲೇ ಹರಡಿಕೊಳ್ಳುತ್ತದೆ.