ಕಾನೂನು ಸಲಹೆ: ಪೌತಿ ಖಾತೆಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನ್ನ ಮದುವೆ 1990ರಲ್ಲಿ ಆಯಿತು. ತಂದೆ 2003ರಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಅಜ್ಜನ ಕಾಲದಿಂದ ಬಂದ ಜಮೀನು ಇನ್ನೂ ಪಾಲಾಗಿಲ್ಲ. ಇಬ್ಬರು ಅಣ್ಣಂದಿರು ತಮ್ಮ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಲು ನನ್ನ ಸಹಿ ಕೇಳುತ್ತಿದ್ದಾರೆ. ಅಪ್ಪ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರಿಂದ ನನಗೆ ಪಾಲಿಲ್ಲವೆಂದೂ, ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ ಕೊಡುವುದಾಗಿಯೂ ಹೇಳುತ್ತಾರೆ. ಸಹಿ ಹಾಕಬಹುದೇ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸದ್ಯಕ್ಕೆ ಹಾಕಬೇಡಿ. ನಿಮ್ಮ ಅಣ್ಣಂದಿರ ಮಾತು ಹಳ್ಳಿಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ 1994ರಲ್ಲಿ ತಂದ ತಿದ್ದುಪಡಿ, ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿ, ಮಗಳೂ ಮಗನಂತೆಯೇ ಹುಟ್ಟಿನಿಂದ ಪಿತ್ರಾರ್ಜಿತ ಆಸ್ತಿಯ ಹಕ್ಕುದಾರಳು ಎಂದಿತು. ಆ ದಿನ ತಂದೆ ಬದುಕಿರಬೇಕೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಬದುಕಿರಬೇಕಾಗಿಲ್ಲ ಎಂದು ಹೇಳಿ ಬಗೆಹರಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ಕೋರ್ಟಿನ ಡಿಕ್ರಿಯಿಂದ ಪಾಲಾಗಿದ್ದರೆ, ಇಲ್ಲವೇ ಜಮೀನು ಮಾರಾಟವಾಗಿದ್ದರೆ ಮಾತ್ರ ಅದನ್ನು ಈಗ ಪ್ರಶ್ನಿಸಲಾಗದು. ಬಾಯಿಮಾತಿನಲ್ಲಿ ಪಾಲು ಮುಗಿದಿದೆ ಎಂಬ ವಾದವನ್ನು ನ್ಯಾಯಾಲಯ ಸುಲಭವಾಗಿ ಒಪ್ಪುವುದಿಲ್ಲ. ನೀವು ತಿಳಿಸಿದ ವಿವರಗಳಂತೆ, ತಂದೆ ವಿಲ್ ಬರೆದಿಲ್ಲದಿದ್ದರೆ, ಮೂವರಿಗೂ ಮೂರನೇ ಒಂದರಂತೆ ಸಮಪಾಲು. ಮದುವೆಗೆ ಮಾಡಿದ ಖರ್ಚಿನಿಂದ ಈ ಹಕ್ಕು ಕಳೆದುಹೋಗುವುದಿಲ್ಲ.

ಪೌತಿ ಖಾತೆ ಕಂದಾಯ ದಾಖಲೆಯ ಬದಲಾವಣೆಯೇ ಹೊರತು ಅದರಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಆದರೆ ಪಹಣಿಯಲ್ಲಿ ಅಣ್ಣಂದಿರ ಹೆಸರಷ್ಟೇ ಇದ್ದಾಗ ಅವರು ಜಮೀನನ್ನು ಅಡವಿಡುವುದು, ಮಾರುವುದು ಸುಲಭವಾಗಿ, ನೀವು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಒಪ್ಪಿಗೆ ಪತ್ರವೆಂದು ನಿಮ್ಮ ಮುಂದಿಡುವ ಕಾಗದ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವ ಹಕ್ಕು ಬಿಡುಗಡೆ ಪತ್ರವೇ ಆಗಿದ್ದರೆ, ಅದನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಆದ್ದರಿಂದ ವಂಶವೃಕ್ಷದಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲು ನೋಡಿ, ಮೂವರ ಹೆಸರಿಗೂ ಜಂಟಿ ಖಾತೆಯಾಗಲಿ ಎಂದು ಅಣ್ಣಂದಿರಿಗೆ ಹೇಳಿ. ಒಪ್ಪದಿದ್ದರೆ, ಖಾತೆ ಬದಲಾವಣೆಗೆ ಮುನ್ನ ಕಂದಾಯ ಇಲಾಖೆ ಹೊರಡಿಸುವ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಸಲ್ಲಿಸಿ ಸ್ವೀಕೃತಿ ಪಡೆಯಿರಿ, ಬಳಿಕ ಸಿವಿಲ್ ನ್ಯಾಯಾಲಯದಲ್ಲಿ ಪಾಲು ವಿಭಾಗದ ದಾವೆ ಹೂಡಬಹುದು. ಮಹಿಳೆಯಾದ ನಿಮಗೆ, ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಅಳುಕು ನಿಮಗಿದ್ದರೆ ಅದು ನನಗೆ ಅರ್ಥವಾಗುತ್ತದೆ. ಮನಸ್ಸಾರೆ ಬಿಟ್ಟುಕೊಡುವುದಾದರೆ ಅದು ನಿಮ್ಮ ಇಷ್ಟ, ಆದರೆ ಹಕ್ಕೇ ಇಲ್ಲವೆಂದು ನಂಬಿಸಿ ಪಡೆಯುವ ಸಹಿ ನ್ಯಾಯವಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2019ರಲ್ಲಿ ಮನೆಯನ್ನು ದಾನಪತ್ರದ ಮೂಲಕ ಮಗನಿಗೆ ಕೊಟ್ಟೆ. ಈಗ ಊಟಕ್ಕೂ ಕೇಳುವವರಿಲ್ಲ. ಮನೆ ವಾಪಸ್ ಪಡೆಯಬಹುದೇ?
– ಓದುಗರು, ಮೈಸೂರು

ಉತ್ತರ: ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಆ ಷರತ್ತು ಪಾಲನೆಯಾಗದಿದ್ದಾಗ, ರದ್ದು ಮಾಡಿಸಬಹುದು. ನಿಮ್ಮ ದಾನಪತ್ರವನ್ನು ಮತ್ತೊಮ್ಮೆ ಓದಿ. ಅದರಲ್ಲಿ ಅಂಥ ಷರತ್ತು ಇಲ್ಲದಿದ್ದರೂ, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ಮಾತಿದ್ದರೆ ಅದನ್ನೂ ಲಗತ್ತಿಸಿ, ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಕೊಡಿ. ವಕೀಲರಿಲ್ಲದೆಯೂ ನೀವೇ ಹೇಳಿಕೊಳ್ಳಬಹುದು. ಜೀವನಾಂಶಕ್ಕೂ ಕೋರಿಕೆ ಸೇರಿಸಿ, ಏಕೆಂದರೆ ಮನೆ ಮರಳಿ ಬರದಿದ್ದರೂ ಆ ಹಕ್ಕು ಉಳಿಯುತ್ತದೆ. ಇದೇ ಆಲೋಚನೆಯಲ್ಲಿರುವ ಇತರ ಹಿರಿಯರು ದಾನಪತ್ರದ ಬದಲು ವಿಲ್ ಬರೆಯುವುದು ಕ್ಷೇಮ. ಇಬ್ಬರು ಸಾಕ್ಷಿಗಳಿದ್ದರೆ ಸಾಕು, ಬದುಕಿರುವವರೆಗೆ ಬದಲಿಸಬಹುದು.

ಪ್ರಶ್ನೆ: ಆರು ಜನರಿರುವ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮಾಲೀಕರೇ ಲೈಂಗಿಕ ಕಿರುಕುಳ ಕೊಡುತ್ತಿದ್ದಾರೆ. ಅಂಗಡಿಯಲ್ಲಿ ಯಾವ ಸಮಿತಿಯೂ ಇಲ್ಲ.
– ಓದುಗರು, ತುಮಕೂರು

ಉತ್ತರ: ಹತ್ತಕ್ಕಿಂತ ಕಡಿಮೆ ಜನರಿರುವ ಕಡೆ ಅಥವಾ ಮಾಲೀಕರ ಮೇಲೆಯೇ ದೂರಿದ್ದಾಗ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಬರೆದು ಕೊಡಿ. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ನಿಮ್ಮ ಹೆಸರನ್ನು ಯಾರೂ ಬಹಿರಂಗಪಡಿಸುವಂತಿಲ್ಲ. ವಿಚಾರಣೆ ನಡೆಯುವಾಗ ಆ ಅಂಗಡಿಗೆ ಹೋಗಲು ಭಯವಾದರೆ, ಮೂರು ತಿಂಗಳವರೆಗೆ ರಜೆ ಕೊಡಿಸುವಂತೆ ಸಮಿತಿಯನ್ನು ಲಿಖಿತವಾಗಿ ಕೋರಬಹುದು.